ಅಪ್‌ಡೇಟ್: ಟೊಂಗರಿರೊ ನಡೆದು ಬಂದೆ, ಶೂ ಬಗ್ಗೆ ನೀವು ಹೇಳಿದ್ದೇ ಸರಿ

ನ್ಯೂಜಿಲೆಂಡಿನ ಟೊಂಗರಿರೊ ಕ್ರಾಸಿಂಗ್ ಎಂಬ ಜ್ವಾಲಾಮುಖಿ ಬೆಟ್ಟದ ಚಾರಣಕ್ಕೆ ಗೈಡ್ ಜೊತೆ ಹೋಗುತ್ತಿದ್ದೇನೆ, ರನ್ನಿಂಗ್ ಶೂ ಸಾಕಾ, ಬೇಸಿಗೆಯಲ್ಲೂ ಜಾಕೆಟ್ ಬೇಕಾ ಅಂತ ಕೇಳಿದ್ದೆನಲ್ಲ? ಬೂಟೇ ಹಾಕಿಕೊಳ್ಳಿ, ಜಾಕೆಟ್ ಬಿಡಬೇಡಿ ಅಂದಿದ್ದಿರಿ. ಬಚಾವಾದೆ.

ಸುಮಾರು 20 ಕಿಲೋಮೀಟರ್ ನಡಿಗೆ. ಏರು ಅಷ್ಟೇನೂ ಕಾಡಲಿಲ್ಲ. ಕಷ್ಟವಾಗಿದ್ದು ರೆಡ್ ಕ್ರೇಟರ್ ಎಂಬ ಜ್ವಾಲಾಮುಖಿಯ ಬಾಯಿ ದಾಟಿ ಎಮರಾಲ್ಡ್ ಕೆರೆಗಳ ಕಡೆ ಇಳಿಯುವಾಗ. ಕಾಲಡಿ ಬರೀ ಸಡಿಲ ಜಲ್ಲಿ, ಒಂದು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಜಾರುತ್ತದೆ. ಹಿಮ್ಮಡಿ ಊರಿ ಇಳಿಯಿರಿ ಅಂದರು ಗೈಡ್. ಮೇಲೆ ಗಾಳಿ ಹೇಗಿತ್ತೆಂದರೆ, ಕೈಗವಸು ಬಿಚ್ಚಿ ಒಂದು ಫೋಟೊ ತೆಗೆಯುವಷ್ಟರಲ್ಲಿ ಬೆರಳು ಮರಗಟ್ಟಿತು. ಅದೂ ಜನವರಿಯಲ್ಲಿ, ಅಲ್ಲಿನ ನಡುಬೇಸಿಗೆಯಲ್ಲಿ!

ನೀರು 3 ಲೀಟರ್ ಒಯ್ದಿದ್ದೆ, ಜಾಸ್ತಿ ಆಗಲಿಲ್ಲ. ಆ ಹಸಿರು ಕೆರೆಗಳ ನೀರು ಆಮ್ಲ, ಕುಡಿಯುವ ಹಾಗಿಲ್ಲ. ವಾಕಿಂಗ್ ಪೋಲ್ ಮಾತ್ರ ಸುಮ್ನೆ ಭಾರ ಅಂತ ಬಿಟ್ಟು ಹೋದೆ. ಮೊಣಕಾಲು ಇನ್ನೂ ಬೈಯುತ್ತಿದೆ.