.22 ಪಿಸ್ತೂಲ್ ತಗಳೋರಿಗೆ: ಪಾರ್ಡಿನಿನಾ, ವಾಲ್ಥರಾ, ಹಳೇ ಹ್ಯಾಮರ್ಲಿನಾ? ನಮ್ಮ ಮಳೇಲಿ ಕಾಪಾಡೋದು ಹೆಂಗೆ?

ಪ್ರಶ್ನೆ, ತೀರ್ಥಹಳ್ಳಿಯಿಂದ:

ಎಲ್ರಿಗೂ ನಮಸ್ಕಾರ. ಮಗಳು ಇಷ್ಟು ದಿನ 10 ಮೀಟರ್ ಏರ್ ಪಿಸ್ತೂಲಲ್ಲೇ ಇದ್ಲು, ಈಗ 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲ್ ಹೊಡಿತೀನಿ ಅಂತ ಹಟ ಹಿಡ್ದಿದಾಳೆ. ವಯಸ್ಸು 21 ದಾಟಿದೆ, ಲೈಸೆನ್ಸ್ ಅರ್ಜಿ ಡಿಸಿ ಆಫೀಸಲ್ಲಿದೆ. ಒಬ್ರು ಹೊಸ ಪಾರ್ಡಿನಿ ತಗಳಿ ಅಂತಾರೆ, ಇನ್ನೊಬ್ರು ವಾಲ್ಥರ್ ಜಿಎಸ್‌ಪಿ ಅಂತಾರೆ, ಪರಿಚಯದೋರ ಹತ್ರ ಹಳೇ ಹ್ಯಾಮರ್ಲಿ 208 ಇದೆ, ಕಮ್ಮಿಗೆ ಕೊಡ್ತೀನಿ ಅಂತಿದಾರೆ. ನಮ್ಮನೆ ಜೂನಿಂದ ಸೆಪ್ಟೆಂಬರ್‌ವರೆಗೂ ಗೋಡೆಯೇ ಒದ್ದೆ ಇರೋ ಮನೆ. ಯಾವ್ದು ತಗಳದು, ಹೆಂಗೆ ಇಟ್ಕಳದು, ಬಳಸಿದೋರು ದಯವಿಟ್ಟು ಹೇಳಿ.

ಶಿವಮೊಗ್ಗದಿಂದ:

ಸರ್, ನೀವು ಕೇಳಿದ ಎರಡು ಪ್ರಶ್ನೇಲಿ ಎರಡನೇದೇ ದೊಡ್ಡದು ಅಂತ ನಂಗನ್ಸುತ್ತೆ, ಆದ್ರೂ ಮೊದಲನೇದಕ್ಕೆ ಉತ್ರ ಹೇಳಿಬಿಡ್ತೀನಿ.

ಪಾರ್ಡಿನಿ ಎಸ್‌ಪಿ, ವಾಲ್ಥರ್ ಜಿಎಸ್‌ಪಿ, ಮೊರಿನಿ, ಫೈನ್‌ವೆರ್ಕ್‌ಬೌ ಎಡಬ್ಲ್ಯೂ93, ಹ್ಯಾಮರ್ಲಿ ಇವ್ಯಾವ್ದನ್ನೇ ಆದ್ರೂ ಬೆಂಚ್ ಮೇಲೆ ಕೂರ್ಸಿ ಅದಕ್ಕೆ ಒಗ್ಗೋ ತೋಟಾ ಹಾಕಿ ಹೊಡ್ದು ನೋಡಿ, ಗುಂಡೆಲ್ಲ ಹತ್ತು ಅಂಕದ ರಿಂಗೊಳಗೇ ಗುಂಪು ಕಟ್ತವೆ. ಈ ಈವೆಂಟಲ್ಲಿ ನಿಧಾನಕ್ಕೆ ಹೊಡಿಯೋ ಪ್ರಿಸಿಷನ್, ಬೇಗ ಹೊಡಿಯೋ ರ‍್ಯಾಪಿಡ್ ಅಂತ ಎರಡು ಭಾಗ. ಪ್ರಿಸಿಷನ್ ಟಾರ್ಗೆಟಲ್ಲಿ ಹತ್ತರ ರಿಂಗು 50 ಮಿ.ಮೀ ಅಗಲ, ರ‍್ಯಾಪಿಡ್ ಟಾರ್ಗೆಟಲ್ಲಿ 100 ಮಿ.ಮೀ. ಅಂದ್ರೆ ಬ್ಯಾರಲ್ ವಿಷಯದಲ್ಲಿ ಯಾವ್ದೂ ಕಮ್ಮಿ ಇಲ್ಲ. ವ್ಯತ್ಯಾಸ ಇರೋದು ಹಿಡಿಯಲ್ಲಿ, ಟ್ರಿಗರಲ್ಲಿ, ಆಮೇಲೆ ಕೆಟ್ಟಾಗ ಸ್ಪೇರ್ ಸಿಗುತ್ತಾ ಇಲ್ವಾ ಅನ್ನೋದ್ರಲ್ಲಿ. ಈ ಮೂರನೇದನ್ನ ಯಾರೂ ಕೇಳೋದೇ ಇಲ್ಲ, ನಾನು ಅದನ್ನೇ ಮೊದ್ಲು ಕೇಳಿ ಅಂತೀನಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಲ್ಲಿ ಮನು ಭಾಕರ್ ಕ್ವಾಲಿಫಿಕೇಶನ್ ಮಧ್ಯದಲ್ಲಿ ಏರ್ ಪಿಸ್ತೂಲ್ ಕೈಕೊಟ್ಟು, ರಿಪೇರಿ ಮಾಡ್ಸೋದ್ರಲ್ಲಿ ಹೊತ್ತು ಹೋಗಿ, ಫೈನಲ್ ತಪ್ಪಿದ್ದು ನೆನಪಿದೆಯಲ್ಲ. ಅಂಥ ಜಾಗದಲ್ಲೇ ಹಿಂಗಾದ್ರೆ, ಒಂದು ಸ್ಪ್ರಿಂಗಿಗೂ ಬೆಂಗಳೂರಿಗೋ ದೆಹಲಿಗೋ ಫೋನ್ ಮಾಡೋ ನಾವು ಎಷ್ಟು ಜೋಪಾನ ಇರ್ಬೇಕು.

ಪಾರ್ಡಿನಿ ಇಟಲಿದು, ತೋಟಾ ತುಂಬೋ ಮ್ಯಾಗಝಿನ್ ಟ್ರಿಗರಿಗಿಂತ ಮುಂದೆ ಕೂರುತ್ತೆ, ಬ್ಯಾರಲ್ ಕೈಗೆ ತುಂಬಾ ಹತ್ರ ಕೆಳಗಿರುತ್ತೆ, ಹಾಗಾಗಿ ಹೊಡ್ದಾಗ ಮೂತಿ ಮೇಲೆ ಜಿಗಿಯೋದು ಕಮ್ಮಿ. ರ‍್ಯಾಪಿಡಲ್ಲಿ 3 ಸೆಕೆಂಡಿಗೆ ಒಂದು ಗುಂಡು, ಮಧ್ಯ 7 ಸೆಕೆಂಡ್ ಬಿಡುವು, ಪ್ರತಿ ಸಲ ಕೈ 45 ಡಿಗ್ರಿಯಿಂದ ಎತ್ಬೇಕು. ಅಲ್ಲಿ ಹಿಡಿ ಕೈಗೆ ಹೆಂಗೆ ಬಂದು ಕೂರುತ್ತೆ ಅನ್ನೋದೇ ಅರ್ಧ ಕೆಲಸ. ಅದ್ರ ಬೋಲ್ಟಿನ (ಹೊಡ್ದಾಗ ಹಿಂದೆ ಮುಂದೆ ಓಡೋ ಭಾಗ) ಹಿಂದೆ ಪೆಟ್ಟು ತಡೆಯೋ ಒಂದು ಬಫರ್ ಇದೆ, ಅದು ಸವೆಯೋ ಸಾಮಾನು, ಪಿಸ್ತೂಲ್ ತಗಳವಾಗ್ಲೇ ಎರಡು ಬಫರು, ಒಂದು ರಿಕಾಯ್ಲ್ ಸ್ಪ್ರಿಂಗು, ಒಂದು ಎಕ್ಸ್‌ಟ್ರಾಕ್ಟರು (ಖಾಲಿ ಕೇಸ್ ಹೊರಗೆಳೆಯೋ ಕೊಕ್ಕೆ) ಸೇರ್ಸಿ ತರ್ಸಿಕೊಳ್ಳಿ.

ಜಿಎಸ್‌ಪಿ 1960ರ ದಶಕದ ಕೊನೆಯಿಂದ ಇರೋ ಜರ್ಮನ್ ಡಿಸೈನು, ಇದ್ರದ್ದೂ ಮ್ಯಾಗಝಿನ್ ಮುಂದೆ. ಮೂತಿ ಕಡೆ ಒಂಚೂರು ಭಾರ ಅನ್ಸುತ್ತೆ, ಪ್ರಿಸಿಷನಲ್ಲಿ ಆ ಭಾರ ಒಳ್ಳೇದೇ ಮಾಡುತ್ತೆ, ಭುಜಕ್ಕೆ ಬಲ ಇಲ್ದೋರಿಗೆ ಮೂವತ್ತು ಗುಂಡು ಆಗೋದ್ರೊಳಗೆ ಕೈ ಇಳಿಯುತ್ತೆ. ಇದ್ರಲ್ಲಿ ನಂಗೆ ಬಹಳ ಇಷ್ಟ ಅಂದ್ರೆ ಟ್ರಿಗರ್ ಘಟಕ ಪೂರ್ತಿ ಒಂದೇ ತುಂಡಾಗಿ ಹೊರಗೆ ಬರುತ್ತೆ. ಮಳೆಗಾಲದಲ್ಲಿ ಬಿಚ್ಚಿ ಒರ್ಸಿ ಒಣಗ್ಸಿ ವಾಪಸ್ ಹಾಕೋದು ಮನೇಲೇ ಆಗೋ ಕೆಲಸ.

ಹ್ಯಾಮರ್ಲಿ 208 ಬಗ್ಗೆ ನಂಗೆ ಅಪಾರ ಗೌರವ ಇದೆ, ಅಂಥ ಟ್ರಿಗರ್ ಇವತ್ತಿಗೂ ಅಪರೂಪ. ಆದ್ರೆ ಮ್ಯಾಗಝಿನ್ ಹಿಡಿಯೊಳಗೆ ಹೋಗುತ್ತೆ, ಹಿಡಿಯ ಓರೆ ಏರ್ ಪಿಸ್ತೂಲಿನ ಥರ ಇರಲ್ಲ, ಮಗಳು ಇಷ್ಟು ವರ್ಷ ಕಲ್ತ ಮಣಿಕಟ್ಟು ಮತ್ತೆ ಹೊಸದಾಗಿ ಕಲೀಬೇಕು. ಮಾಡೆಲ್ ಯಾವಾಗ್ಲೋ ನಿಂತಿದೆ, ಕಂಪನಿಯೂ ವಾಲ್ಥರ್ ಕಡೆ ಸೇರ್ಕೊಂಡ್ತು, ಒಂದು ಒರಿಜಿನಲ್ ಮ್ಯಾಗಝಿನ್ ಬೇಕಂದ್ರೂ ಹುಡುಕ್ಬೇಕು. ಎರಡು ಮೂರು ಒಳ್ಳೇ ಮ್ಯಾಗಝಿನ್ ಜೊತೇಗೆ ಕೊಟ್ರೆ ಮಾತ್ರ ಯೋಚ್ನೆ ಮಾಡಿ. ಬಾಗಿಲು ಹತ್ರ ಬೆಳಕಲ್ಲಿ ಚೇಂಬರ್ (ತೋಟಾ ಕೂರೋ ಜಾಗ) ಬಾಯಿ ನೋಡಿ, ಫೈರಿಂಗ್ ಪಿನ್ ಬಡ್ದು ಅಂಚಲ್ಲಿ ಗುಳಿ ಬಿದ್ದಿದ್ರೆ ಯಾರೋ ಸಿಕ್ಕಾಪಟ್ಟೆ ಖಾಲಿ ಹೊಡ್ದಿದಾರೆ ಅಂತ ಅರ್ಥ. ರಿಮ್‌ಫೈರಲ್ಲಿ, .22 ಅಂದ್ರೆ ಅದೇ, ಕಿಡಿ ಹೊತ್ಸೋ ಮದ್ದು ಇರೋದು ಕೇಸಿನ ಅಂಚಲ್ಲಿ, ಪಿನ್ನು ಅಲ್ಲೇ ಬಡಿಯೋದು, ಒಳಗೆ ತೋಟಾ ಇಲ್ದೇ ಇದ್ರೆ ನೇರ ಉಕ್ಕಿಗೇ ಬಡಿಯುತ್ತೆ. ಮಗಳಿಗೂ ಇದು ಹೇಳಿ, ಏರ್ ಪಿಸ್ತೂಲಲ್ಲಿ ಡ್ರೈ ಫೈರ್ ಮಾಡಿದ ಹಂಗೆ ಇದ್ರಲ್ಲಿ ಮಾಡಂಗಿಲ್ಲ. ಮ್ಯಾನುಯಲ್ ಓದಿ, ಕೆಲವು ಮಾಡೆಲಲ್ಲಿ ಡ್ರೈ ಫೈರಿಗೆ ಅಂತಲೇ ವ್ಯವಸ್ಥೆ ಇದೆ, ಇಲ್ಲಾಂದ್ರೆ ಪ್ಲಾಸ್ಟಿಕ್ ಪ್ಲಗ್ ಹಾಕೇ ಮಾಡ್ಬೇಕು.

ನನ್ನ ಮಾತು ಕೇಳೋದಾದ್ರೆ ಲೈಸೆನ್ಸ್ ಬರೋದ್ರೊಳಗೆ ಕ್ಲಬ್ಬಿನ ಪಿಸ್ತೂಲಲ್ಲಿ ಮುಂದೆ ಮ್ಯಾಗಝಿನ್ ಇರೋದು ಒಂದು, ಹಿಡೀಲಿ ಇರೋದು ಒಂದು, ಎರಡನ್ನೂ ಹೊಡೀಲಿ. ಅವ್ಳ ಕೈಯೇ ತೀರ್ಮಾನ ಮಾಡುತ್ತೆ. ನೀವು ಹೊರಗಿಂದ ನೋಡಿ ತೀರ್ಮಾನ ಮಾಡ್ಬೇಡಿ.

ಸಾಗರದಿಂದ:

ಶಿವಮೊಗ್ಗದ ಅಣ್ಣ ಹೇಳಿದ್ದು ಸರಿ, ನಾನು ತೋಟಾ ಬಗ್ಗೆ ಸೇರ್ಸ್ತೀನಿ, ಯಾಕಂದ್ರೆ ಪಿಸ್ತೂಲ್ ಸರಿ ಇಲ್ಲ ಅಂತ ಬೈಯೋರಲ್ಲಿ ಮುಕ್ಕಾಲು ಜನ ತೋಟಾ ಸರಿ ಹಾಕಿರಲ್ಲ. ಟಾರ್ಗೆಟ್ ಪಿಸ್ತೂಲಿಗೆ ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದ್ರೆ ಸಾಧಾರಣ ವೇಗದ ತೋಟಾ ಮಾತ್ರ. ಹೈ ವೆಲಾಸಿಟಿ ಹಾಕಿದ್ರೆ ಬೋಲ್ಟು ಜೋರಾಗಿ ಹಿಂದೆ ಬಡ್ದು ಬಫರು, ಫ್ರೇಮು ಎರಡಕ್ಕೂ ಪೆಟ್ಟು, ಗುಂಪೂ ಹಿಗ್ಗುತ್ತೆ. ಎಸ್‌ಕೆ, ಈಲಿ, ಆರ್‌ಡಬ್ಲ್ಯೂಎಸ್, ಲಾಪುವಾ, ಸಿಸಿಐ ಈ ಕಂಪನಿಗಳ ತೋಟಾ ಯಾವ್ದು ಸಿಗುತ್ತೋ ಅದ್ರಲ್ಲಿ ಎರಡು ಮೂರು ಥರ ತಂದು ಬೆಂಚಿಂದ ಹೊಡ್ದು ನೋಡಿ, ಒಂದೇ ಮಾಡೆಲಿನ ಎರಡು ಪಿಸ್ತೂಲಿಗೆ ಬೇರೆ ಬೇರೆ ತೋಟಾ ಒಗ್ಗೋದು ಇದೆ. ಒಗ್ಗಿದ್ದು ಸಿಕ್ಕಿದ್ಮೇಲೆ ಅದೇ ಲಾಟ್ ನಂಬರಿಂದು ಲೈಸೆನ್ಸಿನ ಕೋಟಾದಲ್ಲಿ ಎಷ್ಟಾಗುತ್ತೋ ಅಷ್ಟು ತಗಂಡುಬಿಡಿ.

ಇನ್ನೊಂದು ವಿಷಯ, ಬ್ಯಾರಲ್ ತಿಕ್ಕೋ ಹುಚ್ಚು. ನಮ್ಮ ಕಡೆ ಮನೆ ಕೋವಿ ನೋಡಿ ಬೆಳ್ದೋರಿಗೆ ಹೊಡ್ದ ತಕ್ಷಣ ನಳಿಗೆ ತಿಕ್ಬೇಕು ಅನ್ನೋದು ರಕ್ತದಲ್ಲೇ ಇದೆ. ಕೇಪಿನ ಕೋವೀಲಿ ಕರಿಮದ್ದು, ಅದ್ರ ಬೂದಿ ನೀರು ಎಳ್ಕೊಂಡು ರಾತ್ರಿ ಬೆಳಗಾಗೋದ್ರೊಳಗೆ ತುಕ್ಕು ಹಿಡ್ಸುತ್ತೆ, ಅಲ್ಲಿ ತಿಕ್ಲೇಬೇಕು. .22ರಲ್ಲಿ ಹೊಗೆಯಿಲ್ಲದ ಮದ್ದು, ಸೀಸದ ಗುಂಡು, ಮೇಲೆ ಮೇಣದ ಲೇಪ. ಆ ಮೇಣ ಬ್ಯಾರಲ್ ಒಳಗೆ ಒಂದು ಪದರ ಕಟ್ಟುತ್ತೆ, ಅದಿದ್ರೇನೇ ಗುಂಪು ಒಂದೇ ಕಡೆ ಬೀಳೋದು. ಪೂರ್ತಿ ತೊಳ್ದುಬಿಟ್ರೆ ಮತ್ತೆ ಒಂದಷ್ಟು ಗುಂಡು ಹೋಗೋವರೆಗೂ ಅಲ್ಲಿ ಇಲ್ಲಿ ಬೀಳುತ್ತೆ, ಅದಕ್ಕೇ ಮ್ಯಾಚ್ ಹಿಂದಿನ ದಿನ ಬ್ಯಾರಲ್ ಮುಟ್ಬೇಡಿ. ಉಕ್ಕಿನ ಸಲಾಕೆ ಮೂತಿಯಿಂದ ಹಾಕಿ ತಿಕ್ಕಿ ಮೂತಿ ಅಂಚು ಸವೆಸಿದ ಪಿಸ್ತೂಲ್ ನೋಡಿದೀನಿ, ಅದು ಮತ್ತೆ ಮೊದಲಿನ ಹಂಗೆ ಆಗಲೇ ಇಲ್ಲ. ಪ್ಲಾಸ್ಟಿಕ್ ಲೇಪ ಇರೋ ತಂತಿ, ಅದಕ್ಕೆ ಫೆಲ್ಟ್ ಉಂಡೆ, ಚೇಂಬರ್ ಕಡೆಯಿಂದ ಮೂತಿ ಕಡೆಗೆ ಒಂದೇ ದಿಕ್ಕಲ್ಲಿ ಎಳೆಯೋದು, ಅಷ್ಟೇ.

ಕ್ಲೀನ್ ಮಾಡ್ಲೇಬೇಕಾದ ಜಾಗ ಅಂದ್ರೆ ಬೋಲ್ಟಿನ ಮುಖ, ಎಕ್ಸ್‌ಟ್ರಾಕ್ಟರಿನ ಉಗುರು, ಚೇಂಬರಿನ ಬಾಯಿ, ತೋಟಾ ಒಳಗೆ ಜಾರಿ ಹೋಗೋ ಇಳಿಜಾರು. ಪ್ರತಿ ಸಲ ಹೊಡ್ದ ಮೇಲೆ ಹಳೇ ಹಲ್ಲುಜ್ಜೋ ಬ್ರಷ್ ತಗಂಡು ಈ ನಾಲ್ಕು ಜಾಗ. ಕೇಸ್ ಸಿಕ್ಕಿ ಹಾಕ್ಕೊಳ್ಳೋದು, ತೋಟಾ ಪೂರ್ತಿ ಒಳಗೆ ಹೋಗ್ದೇ ಇರೋದು ಇಲ್ಲಿಂದ್ಲೇ ಶುರು. ಮ್ಯಾಗಝಿನ್ ಒಳಗೆ ಎಣ್ಣೆ ಬೇಡವೇ ಬೇಡ, ಒಣ ಬಟ್ಟೇಲಿ ಒರ್ಸಿ ಸಾಕು, ಎಣ್ಣೆ ತೋಟಾ ಒಳಗೆ ಇಳಿದ್ರೆ ಮದ್ದು ಸಾಯುತ್ತೆ. ಮ್ಯಾಗಝಿನಿನ ತುಟಿ ಬಾಗಿದ್ರೆ ಇಕ್ಕಳ ತಗಂಡು ಕೂರ್ಬೇಡಿ. ಎಲ್ಲ ಆದ್ಮೇಲೆ ಕೈ ಸೋಪ್ ಹಾಕಿ ತೊಳ್ಕಳಿ, ಸೀಸದ ಪುಡಿ ಮೈಗೆ ಒಳ್ಳೇದಲ್ಲ, ಆ ಕೈಲಿ ತಿಂಡಿ ಮುಟ್ಬೇಡಿ, ಆ ಬಟ್ಟೆ ಬ್ರಷ್ ಮಕ್ಕಳ ಕೈಗೆ ಸಿಗೋ ಕಡೆ ಇಡ್ಬೇಡಿ.

ಕೊಪ್ಪದಿಂದ:

ನಾನು ಮಳೆ ವಿಷಯ ಹೇಳ್ತೀನಿ. ನಮ್ಮನೆಯಿಂದ ಆಗುಂಬೆ ಹತ್ರ, ಅಲ್ಲಿ ವರ್ಷಕ್ಕೆ 7000 ಮಿ.ಮೀ ಮೇಲೆ ಮಳೆ, ನಮ್ಮಲ್ಲೂ ಜುಲೈಲಿ ಬಟ್ಟೆ ಒಣಗಲ್ಲ, ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು. ಅಂಥ ಕಡೆ ಪಿಸ್ತೂಲ್ ಉಳ್ಸೋದು ಅಂದ್ರೆ ಗಾಳಿಯ ತೇವ ಕಮ್ಮಿ ಮಾಡೋದು, ಎಣ್ಣೆ ಸುರಿಯೋದಲ್ಲ.

ಪಿಸ್ತೂಲ್ ಜೊತೆ ಬರೋ ಫೋಮ್ ಪೆಟ್ಟಿಗೆ ಓಡಾಟಕ್ಕೆ ಮಾತ್ರ. ಫೋಮು ನೀರು ಕುಡ್ಕೊಂಡು ಅದನ್ನ ಉಕ್ಕಿಗೇ ಒತ್ತಿ ಹಿಡಿಯುತ್ತೆ, ಚರ್ಮದ ಚೀಲ ಇನ್ನೂ ಕೆಟ್ಟದು. ಬೀಗ ಇರೋ ಸ್ಟೀಲ್ ಬೀರು, ಅದ್ರೊಳಗೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಅದ್ರೊಳಗೆ ಸಿಲಿಕಾ ಜೆಲ್, ಜೊತೇಗೆ ಒಂದು ಸಣ್ಣ ತೇವದ ಮೀಟರ್. ಮೀಟರ್ 45ರಿಂದ 50ರ ಆಸುಪಾಸು ಇದ್ರೆ ನೆಮ್ಮದಿ. ಅದಕ್ಕಿಂತ ತೀರಾ ಒಣಗ್ಸಿದ್ರೆ ಮರದ ಹಿಡಿ ಬಿರುಕು ಬಿಡುತ್ತೆ. ಕೆಲವ್ರು ಬೀರು ಒಳಗೆ ಬಲ್ಬ್ ಉರಿಸ್ತಾರೆ, ಹಳೇ ಬಿಸಿಯಾಗೋ ಬಲ್ಬಾದ್ರೆ ಕೆಲಸ ಮಾಡುತ್ತೆ, ಎಲ್‌ಇಡಿ ಹಾಕಿದ್ರೆ ಬೆಳಕು ಬಿಟ್ರೆ ಬೇರೇನೂ ಇಲ್ಲ. ಆದ್ರೆ ನಮ್ಮಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋದ್ರೆ ಮೂರ್ ಮೂರ್ ದಿನ ಬರಲ್ಲ, ನಾನು ಬಲ್ಬ್ ನಂಬಲ್ಲ. ಸಿಲಿಕಾ ನೀಲಿ ಇದ್ದಿದ್ದು ಗುಲಾಬಿ ಆಯ್ತಂದ್ರೆ ಬಿಸಿ ಮಾಡಿದ್ರೆ ಮತ್ತೆ ನೀಲಿ ಆಗುತ್ತೆ. ಅಡಿಗೆ ಬಾಣಲೆ ಮಾತ್ರ ಬೇಡ, ಆ ನೀಲಿ ಕೋಬಾಲ್ಟಿಂದು, ಅದಕ್ಕೇ ಅಂತ ಒಂದು ಹಳೇ ತಗಡು ಬೇರೆ ಇಟ್ಕಳಿ.

ಮಳೇಲಿ ರೇಂಜಿಂದ ಬಂದ ತಕ್ಷಣ ಪೆಟ್ಟಿಗೆ ತೆಗೀರಿ. ಊಟ ಆದ್ಮೇಲೆ ತೆಗಿತೀನಿ ಅಂದ್ರೆ ಬೆವರಿನ ಬೆರಳಚ್ಚು ಅಷ್ಟರಲ್ಲೇ ಕಂದು ಬಣ್ಣಕ್ಕೆ ತಿರುಗಿರುತ್ತೆ. ಎಣ್ಣೆ ಒಂದೇ ಒಂದು ಹನಿ ಹಾಕಿದ ಹಳೇ ಬನಿಯನ್ ಬಟ್ಟೇಲಿ ಹೊರಗಿನ ಉಕ್ಕು ಪೂರ್ತಿ ಒರ್ಸಿ, ಬೋಲ್ಟ್ ಜಾರೋ ಜಾಗಕ್ಕೆ ಒಂದು ಹನಿ, ಹಿಡಿಗೆ ಎಣ್ಣೆ ಮುಟ್ಟಿಸ್ಬೇಡಿ.

ಚುನಾವಣೆ ಬಂದ್ರೆ ಲೈಸೆನ್ಸಿನ ಕೋವಿಗಳ್ನೆಲ್ಲ ಠಾಣೇಲಿ ಡಿಪಾಸಿಟ್ ಮಾಡಿ ಅಂತಾರಲ್ಲ, ಅದು ನಿಮಗೂ ಬರ್ಬೋದು. ಮಗಳು ಮ್ಯಾಚ್ ಆಡೋಳು ಅಂತ ದಾಖಲೆ ಜೋಡ್ಸಿ ವಿನಾಯ್ತಿಗೆ ಮೊದಲೇ ಅರ್ಜಿ ಕೊಡಿ. ಕೊಡ್ಲೇಬೇಕಾಗಿ ಬಂದ್ರೆ ಬ್ಯಾರಲ್ ಒಳಗೂ ಹೊರಗೂ ದಪ್ಪ ಎಣ್ಣೆ ಸವರಿ, ತುಕ್ಕು ತಡೆಯೋ ಕಾಗದದಲ್ಲಿ ಸುತ್ತಿ, ಸಿಲಿಕಾ ಹಾಕಿ, ಡಬ್ಬಿ ಸಮೇತ ಕೊಟ್ಟು, ಸೀರಿಯಲ್ ನಂಬರ್ ಬರ್ದಿರೋ ರಸೀದಿ ಇಸ್ಕಳಿ. ವಾಪಸ್ ಬಂದ್ಮೇಲೆ ಆ ಎಣ್ಣೆ ಬ್ಯಾರಲಿಂದ ಪೂರ್ತಿ ಒರ್ಸದೇ ಹೊಡೀಬೇಡಿ.

ತೀರ್ಥಹಳ್ಳಿಯಿಂದ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಎರಡು ಡೌಟು. ಮನೇಲಿ ಕೊಬ್ಬರಿ ಎಣ್ಣೆ ಇದೆ, ನಮ್ಮಪ್ಪ ಕೋವಿಗೆ ಅದನ್ನೇ ಹಚ್ತಿದ್ರು, ಆಗುತ್ತಾ? ಟ್ರಿಗರಿಗೆ ಡಬ್ಲ್ಯೂಡಿ-40 ಹೊಡೀಬೋದಾ?

ಶಿವಮೊಗ್ಗದಿಂದ:

ಎರಡೂ ಬೇಡ ಸರ್. ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ರ ಬಂದ್ರೆ ಗಟ್ಟಿಯಾಗುತ್ತೆ, ನಿಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟ್ಲಿ ಬಿಸಿಲಿಗಿಡ್ದೇ ಇದ್ರೆ ತಲೆಗೂ ಬರಲ್ಲ ಅಲ್ವಾ. ಬೋಲ್ಟಲ್ಲಿ ಹಂಗಾದ್ರೆ ವಾಪಸ್ ಬರೋದೇ ನಿಧಾನ. ದಿನ ಕಳೆದಂಗೆ ಅಂಟೂ ಆಗುತ್ತೆ. ಹಳೇ ಕೋವೀಲಿ ಹಿಂದೆ ಮುಂದೆ ಓಡೋ ಭಾಗ ಇಲ್ಲ, ಅಪ್ಪನಿಗೆ ನಡೀತು. ಸಣ್ಣ ಬಾಟ್ಲೀಲಿ ಸಿಗೋ ಒಳ್ಳೇ ಗನ್ ಆಯಿಲ್ ವರ್ಷಗಟ್ಲೆ ಬರುತ್ತೆ. ಡಬ್ಲ್ಯೂಡಿ-40 ಟ್ರಿಗರೊಳಗೆ ಹೊಡೆದ್ರೆ ಮೊದ್ಲು ಚೆಂದ ಅನ್ಸುತ್ತೆ, ಆಮೇಲೆ ಅದ್ರ ಉಳಿಕೆಗೆ ಧೂಳು ಮಸಿ ಅಂಟಿ ಎಳೆತ ಒಂದೊಂದು ದಿನ ಒಂದೊಂದು ಥರ.

ಟ್ರಿಗರ್ ತೂಕ, ಅಂದ್ರೆ ಅದನ್ನ ಎಳೆಯೋಕೆ ಬೇಕಾದ ಬಲ, ಈ ಈವೆಂಟಲ್ಲಿ ಕಮ್ಮಿ ಅಂದ್ರೂ 1000 ಗ್ರಾಂ ಇರ್ಬೇಕು, ಏರ್ ಪಿಸ್ತೂಲಲ್ಲಿ 500 ಇತ್ತು, ಮಗಳಿಗೆ ಮೊದ್ಲು ಕಲ್ಲು ಎಳ್ದಂಗೆ ಅನ್ಸುತ್ತೆ, ಹೆದರ್ಬೇಡಿ ಅನ್ನಿ. ಸರಿಯಾಗಿ 1000ಕ್ಕೇ ಕೂರಿಸ್ಬೇಡಿ, 1020, 1030 ಇರ್ಲಿ, ಯಾಕಂದ್ರೆ ಹೊಡೀತಾ ಹೊಡೀತಾ ಒಂಚೂರು ಇಳಿಯುತ್ತೆ, ಮ್ಯಾಚ್ ಆದ್ಮೇಲೆ ಚೆಕ್ಕಿಂಗಲ್ಲಿ ಟ್ರಿಗರಿಗೆ ನೇತು ಹಾಕಿದ ತೂಕ ಎತ್ತದೇ ಇದ್ರೆ ಅನರ್ಹ, ಅಷ್ಟೂ ಸ್ಕೋರ್ ಹೋಯ್ತು. ಪೂರ್ತಿ ಪಿಸ್ತೂಲ್ 1400 ಗ್ರಾಂ ಮೀರಂಗಿಲ್ಲ, 300, 150, 50 ಮಿ.ಮೀ ಪೆಟ್ಟಿಗೇಲಿ ಹಿಡೀಬೇಕು. ಹಿಡಿಗೆ ಪುಟ್ಟಿ ಮೆತ್ತಿ ದಪ್ಪ ಮಾಡ್ಕೊಳ್ಳೋರು ಈ 50ರ ಅಳತೇಲೇ ಸಿಕ್ಕಿಬೀಳೋದು, ಮೆತ್ತೋಕೆ ಮುಂಚೆ ಸ್ಕೇಲ್ ಇಟ್ಟು ನೋಡ್ಕಳಿ.

ರೈಲಲ್ಲಿ ಬೆಂಗಳೂರಿಗೆ ಹೋಗವಾಗ ಲೈಸೆನ್ಸ್ ಒರಿಜಿನಲ್ ಕೈಯಲ್ಲಿರ್ಲಿ, ಪಿಸ್ತೂಲ್ ಖಾಲಿ ಮಾಡಿ ಚೇಂಬರಿಗೆ ಸೇಫ್ಟಿ ಫ್ಲ್ಯಾಗ್ (ಖಾಲಿ ಇದೆ ಅಂತ ತೋರ್ಸೋ ಗುರುತು) ಹಾಕಿ ಬೀಗ, ತೋಟಾ ಬೇರೆ ಡಬ್ಬೀಲಿ ಬೇರೆ ಬೀಗ. ಹಳೇ 208 ನೋಡೋಕೆ ಹೋಗೋದಾದ್ರೆ ಹೇಳಿ, ಭಾನುವಾರ ಆದ್ರೆ ನಾನೂ ಬರ್ತೀನಿ, ಚೇಂಬರ್ ಬಾಯಿ ಇಬ್ರೂ ನೋಡೋಣ.