ದೀಪ ದಣಪೆವರೆಗೂ ಬಂದಿತ್ತು

ಪುಟ್ಟೀ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಇಷ್ಟೆಲ್ಲ ಟೈಪ್ ಮಾಡಲು ನನ್ನ ಕೈಲಿ ಆಗುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆದರೂ ಪೂರ್ತಿ ಕೇಳು. ಈ ಮನೆಯವರ ಗುಂಪಿನಲ್ಲಿರುವ ಉಳಿದವರೂ ಕೇಳಿ.

ಅಜ್ಜಿ, ಅಂದರೆ ನನ್ನ ಅಮ್ಮ, ಇಲ್ಲದ ಮೊದಲ ದೀಪಾವಳಿ, ಹೇಗೂ ಈ ವರ್ಷ ಹಬ್ಬ ಇಲ್ಲ, ನಾವು ಊರಿಗೆ ಬಂದರೆ ಅಜ್ಜನಿಗೆ, ಅಂದರೆ ನನ್ನ ಅಪ್ಪಯ್ಯನಿಗೆ, ಸಂಕಟ ಜಾಸ್ತಿ ಆಗುತ್ತಾ, ಅಜ್ಜನೇ ಫೋನಿನಲ್ಲಿ ಬರಬೇಡಿ ಅಂದರು ಅಂತ ಕೇಳಿದ್ದೀಯಲ್ಲ. ಬರಬೇಕು ಪುಟ್ಟಿ. ಆ ಮನೆಯನ್ನು ಈ ದೀಪಾವಳಿಗೆ ಖಾಲಿ ಬಿಡಬೇಡಿ.

ಯಾಕೆ ಹೇಳುತ್ತೇನೆ ಅಂದರೆ, ಒಂದು ಸಲ ಬಿಟ್ಟಿದ್ದೇವೆ.

ನನ್ನ ಅಜ್ಜ, ಅಂದರೆ ಅಪ್ಪಯ್ಯನ ಅಪ್ಪ, ಹೋಗಿದ್ದು 1976ರ ಮಳೆಗಾಲದಲ್ಲಿ. ನನಗೆ ಒಂಬತ್ತು ವರ್ಷ. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ, ತೋಟ ಎಲ್ಲ ಬಿಟ್ಟು ಬಂದು ಈಗಿನ ಮನೆ ಕಟ್ಟಿದವರು ಅವರು. ನೀರು ತುಂಬುವ ಹಬ್ಬದ ಸಂಜೆ ಬಾವಿಯಿಂದ ಮೊದಲ ಕೊಡ ಎತ್ತುತ್ತಿದ್ದವರೂ ಅವರೇ. ಆ ವರ್ಷ ಹಬ್ಬ ಇಲ್ಲ ಅಂತ ಆಯಿತು. ಮಕ್ಕಳಿಗೆ ಬೇಜಾರಾಗುತ್ತೆ ಅಂತ ಅಪ್ಪಯ್ಯ ನಮ್ಮನ್ನು ತೀರ್ಥಹಳ್ಳಿಗೆ, ಅಮ್ಮನ ತವರಿಗೆ ಕರೆದುಕೊಂಡು ಹೋದರು. ದೊಡ್ಡಪ್ಪನವರು ಮಾವನ ಮನೆಗೆ. ನನ್ನ ಅಜ್ಜಿ "ನೀವೆಲ್ಲ ಹೋಗಿ ಬನ್ನಿ, ದನ ಕರು ಇದೆ, ನಾನು ಮನೆ ನೋಡಿಕೊಳ್ಳುತ್ತೇನೆ" ಅಂದರು. ಎಲ್ಲರೂ ಅದನ್ನೇ ನಂಬಿದರು. ಈಗ ಅಪ್ಪಯ್ಯ ನಿನ್ನ ಹತ್ತಿರ ಹೇಳಿದ್ದೂ ಅದೇ ಮಾತು, ಅಲ್ವಾ?

ಆ ಹಬ್ಬದ ರಾತ್ರಿ ಅಂಟಿಕೆ ಪಂಟಿಕೆಯವರು, ದೀಪಾವಳಿ ಪದ ಹಾಡುವ ತಂಡದವರು, ದೀಪ ಹಿಡಿದುಕೊಂಡು ಬಂದಿದ್ದಾರೆ. ಅವರು ಮನೆಯಿಂದ ಮನೆಗೆ ಆ ದೀಪ ಆರದ ಹಾಗೆ ತರುತ್ತಾರೆ, ಮನೆಯವರು ಅದಕ್ಕೆ ಎಣ್ಣೆ ಹಾಕಿ ಅದರಿಂದ ತಮ್ಮ ದೀಪ ಹಚ್ಚಿಕೊಳ್ಳಬೇಕು. ನಮ್ಮ ಅಂಗಳ ಕತ್ತಲೆ. ದಣಪೆ, ಅಂದರೆ ಬೇಲಿಯ ಗೇಟಿನ ಹತ್ತಿರ ನಿಂತು ಒಂದೆರಡು ಪದ ಹಾಡಿದ್ದಾರೆ. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಮುಂದಿನ ಮನೆಗೆ ಹೋಗಿದ್ದಾರೆ. ಅಜ್ಜಿ ಒಳಗೇ ಇದ್ದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಎಂಟು ವರ್ಷ ಆದ ಮೇಲೆ, ನನ್ನ ಮದುವೆಯ ಹಿಂದಿನ ದಿನ, ಜಡೆ ಹಾಕುತ್ತಾ ಹೇಳಿದರು. "ಎಣ್ಣೆ ಗಿಂಡಿ ಹಿಡಿದುಕೊಂಡು ಬಾಗಿಲ ಹಿಂದೆ ನಿಂತಿದ್ದೆ ಕೂಸೇ. ಸೂತಕದ ಮನೆ, ತೆಗೆಯಬಹುದೋ ಬೇಡವೋ ಅಂತ ಕೇಳಲು ಒಬ್ಬರೂ ಇರಲಿಲ್ಲ. ದೀಪ ದಣಪೆವರೆಗೂ ಬಂದು ತಿರುಗಿ ಹೋಯಿತು."

ಈಗಲೂ ನನಗೆ ದೀಪಾವಳಿ ಅಂದರೆ ಮೊದಲು ನೆನಪಾಗುವುದು ಆ ಗಿಂಡಿ.

ಇನ್ನೊಂದು ತಪ್ಪೂ ಮಾಡಿದೆವು. ನಿನ್ನ ಅಪ್ಪನಿಗೆ ಆಗ ನಾಲ್ಕು ವರ್ಷ. ಅಜ್ಜ ಗೋಕರ್ಣಕ್ಕೆ ಹೋಗಿದ್ದಾರೆ ಅಂತ ಅವನಿಗೆ ಹೇಳಿದ್ದರು. ಅಸ್ಥಿ ತೆಗೆದುಕೊಂಡು ಹೋಗಿದ್ದು ಗೋಕರ್ಣಕ್ಕೇ. ಮಗು ದಿನಾ ಸಂಜೆ ದಣಪೆ ಮೇಲೆ ಕೂತು ಕಾಯುತ್ತಿತ್ತು. ಯಾರಾದರೂ ಗೋಕರ್ಣದ ಹೆಸರು ಎತ್ತಿದರೆ ಓಡಿ ಬರುತ್ತಿತ್ತು. ನಿನ್ನ ಮಗ ಕೇಳಿದರೆ ಮುತ್ತಜ್ಜಿ ಸತ್ತು ಹೋದರು, ಇನ್ನು ಬರುವುದಿಲ್ಲ ಅಂತಲೇ ಹೇಳು. ಮಲಗಿದ್ದಾರೆ ಅನ್ನಬೇಡ, ಊರಿಗೆ ಹೋಗಿದ್ದಾರೆ ಅನ್ನಬೇಡ. ಅವನು ಅತ್ತರೆ ಜೊತೆಗೆ ಕೂತು ಅಳು.

ಅಪ್ಪಯ್ಯನ ಎದುರು ಅಮ್ಮನ ಹೆಸರು ತೆಗೆಯಬಾರದು ಅಂತ ಈ ಗುಂಪಿನಲ್ಲೇ ಒಬ್ಬರು ಬರೆದಿದ್ದರು. ಅದು ಸರಿಯಲ್ಲ. ವಾರಕ್ಕೆ ಎರಡು ಸಲ ಶಿವಮೊಗ್ಗದಿಂದ ಹೋಗಿ ಬರುತ್ತೇನೆ, ಅವರು ಮಾತಾಡುವುದೇ ಅಮ್ಮನದ್ದು. ಕೇಳುವವರು ಬೇಕು ಅಷ್ಟೇ.

ಇದನ್ನು ಹೇಳದೆ ಇರಲು ನನಗೆ ಆಗುವುದಿಲ್ಲ. ಹದಿಮೂರನೇ ದಿನ ಊಟ ಮುಗಿಯುವ ಮೊದಲೇ ಜಗುಲಿಯಲ್ಲಿ ಅಡಿಕೆ ರೇಟು, ತೋಟದ ಪಾಲು ಶುರುವಾಯಿತು. ಒಳಗೆ ಅಮ್ಮನ ಟ್ರಂಕು ತೆಗೆದು ಸೀರೆ ಹಂಚಿಕೊಂಡರು. ಸೀರೆ ಹೋಗಲಿ. ಅಮ್ಮ ಮದುವೆಯಾದಾಗಿನಿಂದ ಹಾಡು ಬರೆದಿಟ್ಟಿದ್ದ ಪುಸ್ತಕ, ಆರತಿ ಹಾಡು, ಎಣ್ಣೆ ಹಚ್ಚುವ ಹಾಡು, ಬೀಸುವ ಹಾಡು, ಎಲ್ಲ ಅವರದೇ ಅಕ್ಷರ. ಹಳೇ ಕಾಗದ ಅಂತ ಬಚ್ಚಲ ಒಲೆಗೆ ಹಾಕಿಬಿಟ್ಟರು. ಯಾರು ಅಂತ ಇಲ್ಲಿ ಹೇಳುವುದಿಲ್ಲ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ನಾನು ಆ ಮನೆಯ ಮಗಳಲ್ವಾ? ಗುಂಪಿನಲ್ಲಿ ಎಲ್ಲರೂ ಓಂ ಶಾಂತಿ ಅಂತ ಹಾಕಿದಿರಿ. ಅಮ್ಮನ ಕೈಬರಹ ಒಂದು ಪುಟ ಉಳಿಯಲಿಲ್ಲ. ಯಾರ ಫೋನಿನಲ್ಲಾದರೂ ಅಮ್ಮ ಹಾಡಿದ್ದು ರೆಕಾರ್ಡ್ ಆಗಿದ್ದರೆ ದಯವಿಟ್ಟು ಅಳಿಸಬೇಡಿ, ನನಗೆ ಕಳಿಸಿ.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಟಿಕೆಟ್. ರೈಲಿನ ಬುಕಿಂಗ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು. 2024ರ ನವೆಂಬರಿನಿಂದ 60 ದಿನ ಮಾಡಿದ್ದಾರೆ. ಚೌತಿ ಮುಗಿಯಿತಲ್ಲ, ಹಬ್ಬದ ದಿನಗಳದ್ದು ತೆರೆದಿದೆ, ಇವತ್ತೇ ಮಾಡು. ರಾತ್ರಿಯ ತಾಳಗುಪ್ಪ ರೈಲಿಗೆ ಮಾಡಿಸು. ಸಾಗರ ಸ್ಟೇಷನ್ ಹೆಸರು ಅದರಲ್ಲಿ ಸಾಗರ ಜಂಬಗಾರು ಅಂತ ಇರುತ್ತೆ, ಗಾಬರಿಯಾಗಬೇಡ. ನೀರು ತುಂಬುವ ದಿನ ಬೆಳಿಗ್ಗೆಯೇ ತಲುಪಬೇಕು. ಹೊಸ ಬಟ್ಟೆ ಬೇಡ, ಪಟಾಕಿ ಬೇಡ. ಹೋಳಿಗೆಯನ್ನು ನಾವು ಮಾಡುವುದಿಲ್ಲ, ಪಕ್ಕದ ಮನೆಯವರು ತಂದುಕೊಡುತ್ತೇವೆ ಅಂದಿದ್ದಾರೆ. ದನಗಳಿಗೆ ಹಾರ ಮಾತ್ರ ಹಾಕಿ ಅಂತ ಅಪ್ಪಯ್ಯನೇ ಹೇಳಿದ್ದಾರೆ. ಪಚ್ಚೆತೆನೆ, ಅಡಿಕೆ, ಚೆಂಡುಹೂವು ಪೋಣಿಸುತ್ತಿದ್ದದ್ದು ಅಮ್ಮ. ಈ ಸಲ ನೀನು ಪೋಣಿಸು, ಸೂಜಿ ಎಲ್ಲಿದೆ ಅಂತ ನನಗೆ ಗೊತ್ತು.

ಮತ್ತೆ ಹೇಳುತ್ತೇನೆ, ಎಲ್ಲರಿಗೂ. ಬೇಡ ಅಂದರು ಅಂತ ಆ ಮನೆಯನ್ನು ಖಾಲಿ ಬಿಡಬೇಡಿ. ಅಂಟಿಕೆ ಪಂಟಿಕೆಯವರು ಬಂದರೆ ಏನು ಮಾಡಬೇಕು ಅಂತ ಭಟ್ಟರನ್ನು ಕೇಳಿ ಇಟ್ಟುಕೊಳ್ಳುತ್ತೇನೆ. ಟಿಕೆಟ್ ಆದ ಕೂಡಲೇ ಇಲ್ಲೇ ಹಾಕು ಪುಟ್ಟಿ, ಸ್ಟೇಷನ್ನಿಗೆ ನಿನ್ನ ಮಾವ ಕಾರು ತರುತ್ತಾರೆ.