ಒನ್ಸೆನ್‌ನಲ್ಲಿ ಮಾಡೋದು ಸ್ನಾನವಾ? ಬಿಸಿನೀರಿನ ಬುಗ್ಗೆಗೆ ‘ಬೆನ್ನೀರು’ ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಏಷ್ಯಾದ ಬಿಸಿನೀರಿನ ಬುಗ್ಗೆಗಳ ಬಗ್ಗೆ ಇರೋ ಒಂದು ಪ್ರವಾಸಿ ಕೈಪಿಡಿಯ ಕನ್ನಡ ಪಠ್ಯ ತಿದ್ದೋ ಕೆಲಸ ನನ್ನ ಕೈಗೆ ಬಂದಿದೆ. ಜಪಾನಲ್ಲಿ ಬಿಸಿನೀರಿನ ಬುಗ್ಗೆಗೂ ಅದರ ನೀರಲ್ಲಿ ಇಳಿದು ಕೂರೋ ಜಾಗಕ್ಕೂ ‘ಒನ್ಸೆನ್’ ಅಂತಾರೆ. ಆ ಭಾಗದಲ್ಲಿ ಈ ಸಾಲು ಸಿಕ್ತು, ಇದ್ದ ಹಾಗೇ ಹಾಕ್ತೀನಿ: “ಸ್ನಾನದ ಕೊಳಕ್ಕೆ ಇಳಿಯುವ ಮುನ್ನ ಕಡ್ಡಾಯವಾಗಿ ಸ್ನಾನ ಮಾಡಿರಬೇಕು. ಸ್ನಾನದ ಕೊಳದಲ್ಲಿ ಸ್ನಾನ ಮಾಡಬಾರದು.” ವ್ಯಾಕರಣ ಸರಿಯಾಗೇ ಇದೆ, ಆದ್ರೆ ಓದಿದೋರಿಗೆ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ. ಇದು ಅನುವಾದಕರ ತಪ್ಪು ಅಂತ ನಂಗೆ ಅನ್ನಿಸ್ತಿಲ್ಲ, ನಮ್ಮಲ್ಲಿ ಎರಡು ಬೇರೆ ಬೇರೆ ಕೆಲಸಕ್ಕೆ ಒಂದೇ ಪದ ಇರೋದ್ರಿಂದ ಆದ ತೊಡಕು.

ಅಲ್ಲಿನ ಪದ್ಧತಿ ಹೇಗೆ ಅಂದ್ರೆ, ಒಳಗೆ ಹೋದ ತಕ್ಷಣ ಗೋಡೆ ಪಕ್ಕ ಸಾಲಾಗಿ ನಲ್ಲಿಗಳು, ಪುಟ್ಟ ಸ್ಟೂಲುಗಳು, ಒಂದೊಂದು ಬೋಗುಣಿ ಇರತ್ತೆ. ಬಟ್ಟೆ ಎಲ್ಲಾ ಹೊರಗೇ ಬಿಚ್ಚಿಟ್ಟು ಬಂದು ಆ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ಉಜ್ಜಿ, ಮೈಮೇಲೆ ಒಂದು ನೊರೆಗುಳ್ಳೆಯೂ ಉಳೀದ ಹಾಗೆ ತೊಳ್ಕೋಬೇಕು. ನಮ್ಮ ಲೆಕ್ಕದಲ್ಲಿ ಸ್ನಾನ ಅಲ್ಲಿಗೇ ಮುಗೀತು. ಆಮೇಲೆ ಕೊಳಕ್ಕೆ ಇಳಿದು ಕುತ್ತಿಗೆವರೆಗೂ ಮುಳುಗಿ ಸುಮ್ನೆ ಕೂರೋದು. ಕೈಯಲ್ಲಿರೋ ಸಣ್ಣ ಟವೆಲ್ಲನ್ನ ಮಡಚಿ ತಲೆ ಮೇಲೆ ಇಟ್ಕೋತಾರೆ, ನೀರಿಗೆ ತಾಗಿಸಲ್ಲ, ಯಾಕಂದ್ರೆ ಆ ನೀರು ಎಲ್ರದ್ದೂ. ಈ ಎರಡನೇ ಕೆಲಸಕ್ಕೆ ಜಪಾನೀಸಲ್ಲಿ ‘ತ್ಸುಕರು’ ಅಂತ ಪ್ರತ್ಯೇಕ ಕ್ರಿಯಾಪದ ಇದೆ. ಕನ್ನಡದಲ್ಲಿ ಅದಕ್ಕೆ ಏನನ್ನೋದು?

ನಮ್ಮ ಕ್ರಿಯಾಪದಗಳನ್ನ ನೋಡಿ. ಎರ್ಕೊಳ್ಳೋದು ಅಂದ್ರೆ ಸುರ್ಕೊಳ್ಳೋದು, ಬಾಣಂತಿಗೆ ಎರೆಯೋದು, ಎಣ್ಣೆ ಹಚ್ಚಿ ತಲೆಗೆ ಎರೆಯೋದು, ಎಲ್ಲದ್ರಲ್ಲೂ ನೀರು ಮೇಲಿಂದ ಬೀಳತ್ತೆ. ಹಂಡೆ, ತಂಬಿಗೆ, ಬಚ್ಚಲು ಇರೋ ಸಂಸ್ಕೃತಿ ನಮ್ಮದು, ತೊಟ್ಟಿಯಲ್ಲಿ ಕೂರೋದಲ್ಲ. ಮುಳುಗು ಹಾಕೋದು ಹೊಳೆಗೆ ಸರಿ, ಆದ್ರೆ ಅದು ಮುಳುಗಿ ಎದ್ದುಬಿಡೋ ಕೆಲಸ. ಮೀಯೋದು ಚೆಂದದ ಪದ, ಕರಾವಳಿ ಮಲೆನಾಡಲ್ಲಿ ಇನ್ನೂ ಜೀವಂತ ಇದೆ, ಆದ್ರೆ ಅದ್ರಲ್ಲೂ ತೊಳ್ಕೊಳ್ಳೋ ಅರ್ಥವೇ ಮುಂದೆ. ಉತ್ತರ ಕರ್ನಾಟಕದ ಜಳಕವೂ ಹಾಗೇ. ನೆನೆಯೋದು ಅಂತ ಹಾಕಿ ನೋಡ್ದೆ, “ಹತ್ತು ನಿಮಿಷ ಬಿಸಿನೀರಲ್ಲಿ ನೆನೆಯಿರಿ” ಅಂದ್ರೆ ದೋಸೆಗೆ ಅಕ್ಕಿ ಹಾಕಿದ ಹಾಗೆ ಕೇಳತ್ತೆ.

ಆಯುರ್ವೇದದಲ್ಲಿ ಮಾತ್ರ ಇದಕ್ಕೆ ಸರಿಯಾದ ಪದ ಇದೆ, ‘ಅವಗಾಹ’. ಔಷಧಿ ಹಾಕಿದ ಬಿಸಿ ಕಷಾಯದ ತೊಟ್ಟಿಯಲ್ಲಿ ರೋಗಿನ ಕೂರಿಸೋದು ಅವಗಾಹ ಸ್ವೇದ. ಪದದ ಮೂಲಾರ್ಥವೇ ಒಳಗೆ ಇಳಿದು ಮುಳುಗೋದು. ಆದ್ರೆ ಕನ್ನಡದಲ್ಲಿ ಅವಗಾಹನೆ ಅಂದ್ರೆ ಯಾರಿಗೆ ನೀರು ನೆನಪಾಗತ್ತೆ ಹೇಳಿ? “ತಮ್ಮ ಅವಗಾಹನೆಗೆ ತರಲಾಗಿದೆ” ಅಂತ ಸರ್ಕಾರಿ ಪತ್ರ ನೆನಪಾಗತ್ತೆ. ಹಾಗಾಗಿ ಪ್ರವಾಸಿ ಕೈಪಿಡಿಯಲ್ಲಿ ಅದು ನಡೆಯಲ್ಲ. ಪ್ರಕೃತಿ ಚಿಕಿತ್ಸೆಯೋರು ತೊಟ್ಟೀಲಿ ಸೊಂಟದವರೆಗೆ ಕೂರಿಸೋದನ್ನ ಕಟಿಸ್ನಾನ ಅಂತಾರೆ, ಕಾಲು ಇಳಿಬಿಡೋದನ್ನ ಪಾದಸ್ನಾನ ಅಂತಾರೆ, ಅಂದ್ರೆ ಸ್ನಾನ ಪದಕ್ಕೆ ಆ ಅರ್ಥ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಜಪಾನಿನ ‘ಅಶಿಯು’ಗೆ, ಬೀದಿ ಬದಿ ಕೂತು ಕಾಲು ಮಾತ್ರ ಇಳಿಬಿಡೋ ಕಟ್ಟೆ ಅದು, ಪಾದಸ್ನಾನ ಅಂತ ನಾನು ಧೈರ್ಯವಾಗಿ ಹಾಕಿಬಿಟ್ಟೆ. ಪೂರ್ತಿ ಮೈಗೆ ಮಾತ್ರ ಸದ್ಯಕ್ಕೆ “ಮೊದಲು ಮೈ ತೊಳೆದುಕೊಳ್ಳಿ, ಆಮೇಲೆ ನೀರಿಗೆ ಇಳಿದು ಕೂರಿ” ಅಂತ ಬರ್ದಿದೀನಿ. ಅರ್ಥ ಆಗತ್ತೆ, ಆದ್ರೆ ಒಂದೇ ಪದ ಸಿಕ್ಕಿದ್ರೆ ಚೆನ್ನಾಗಿತ್ತು.

ಎರಡನೇ ವಿಷಯ ನಾಮಪದ, ನಂಗೆ ಹೆಚ್ಚು ಕಾಡ್ತಿರೋದು ಇದೇ. ‘ಬಿಸಿನೀರಿನ ಬುಗ್ಗೆ’ ಅಂತ ನಾವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಬುಗ್ಗೆ ಅಂದ್ರೆ ಬುಗ್ಗನೆ ಮೇಲಕ್ಕೆ ಚಿಮ್ಮೋದು ಕಣ್ಣಿಗೆ ಬರತ್ತೆ, ಅಂಥದ್ದಕ್ಕೆ ಅದು ಸರಿ. ಗೀಸರ್ ಅನ್ನೋಣ ಅಂದ್ರೆ ನಮ್ಮೋರಿಗೆ ಅದು ಬಾತ್‌ರೂಮಿನ ಗೋಡೆ ಮೇಲಿರೋ ಡಬ್ಬ. ಆದ್ರೆ ಜನ ಇಳಿದು ಕೂರೋ ಜಾಗಗಳಲ್ಲಿ ಬಹಳಷ್ಟು ಕಡೆ ನೀರು ಕಲ್ಲಿನ ಸಂದಿಯಿಂದ ತಣ್ಣಗೆ ಒಸರ್ತಾ ಬರತ್ತೆ, ತಣ್ಣಗೆ ಅಂದ್ರೆ ಸದ್ದಿಲ್ಲದೆ ಅಂತ. ಅದಕ್ಕೆ ಒರತೆ, ಊಟೆ ಹತ್ರದ ಪದಗಳು. ಇನ್ನು ಜಪಾನಿನ 1948ರ ಒನ್ಸೆನ್ ಕಾನೂನಿನ ಪ್ರಕಾರ ನೆಲದಿಂದ ಹೊರಬರುವಾಗ ನೀರು 25 ಡಿಗ್ರಿ ಸೆಲ್ಸಿಯಸ್ ಇದ್ರೆ ಸಾಕು, ಅದೂ ಇಲ್ದಿದ್ರೆ ಪಟ್ಟಿಯಲ್ಲಿರೋ 19 ಅಂಶಗಳಲ್ಲಿ ಒಂದಾದರೂ ನಿಗದಿಯಾದಷ್ಟು ಇದ್ರೂ ಅದು ಒನ್ಸೆನ್ನೇ. 25 ಡಿಗ್ರಿ ಅಂದ್ರೆ ನಮ್ಮ ಕರಾವಳಿಯ ಬಾವಿ ನೀರು! ಇನ್ನೊಂದು ಕಡೆ ಬಿಸಿಯಾಗಿದ್ರೂ ಒನ್ಸೆನ್ ಅಲ್ಲದ್ದು ಇದೆ. ನಲ್ಲಿ ನೀರು ಕಾಯಿಸಿ ನಡೆಸೋ ಊರಿನ ಸಾರ್ವಜನಿಕ ಸ್ನಾನದ ಮನೆ ‘ಸೆಂತೊ’, ಕೊರಿಯಾದಲ್ಲಿ ಬಿಸಿ ಕೋಣೆಗಳಲ್ಲಿ ಬೆವರಿ ಮಲಗೆದ್ದು ಬರೋ ‘ಜಿಮ್‌ಜಿಲ್‌ಬಾಂಗ್’. ಕೈಪಿಡಿಯ ಕನ್ನಡದಲ್ಲಿ ಈ ಮೂರಕ್ಕೂ ‘ಬಿಸಿನೀರಿನ ಸ್ನಾನಗೃಹ’ ಅಂತ ಇದೆ. ಅಲ್ಲಿಗೆ ಹೋಗೋರಿಗೆ ಇದರಿಂದ ನಿಜವಾಗ್ಲೂ ತೊಂದ್ರೆ ಆಗತ್ತೆ.

ಈಗ ನನ್ನ ಮುಖ್ಯ ಮಾತು. ಜಪಾನೀಸಲ್ಲಿ ‘ಮಿಜು’ ಅಂದ್ರೆ ತಣ್ಣೀರು, ‘ಯು’ ಅಂದ್ರೆ ಬಿಸಿನೀರು, ಎರಡೂ ಬೇರೆ ಬೇರೆ ಪದ. ಸ್ನಾನದ ಮನೆಗಳ ಬಾಗಿಲಿಗೆ ಇಳಿಬಿಟ್ಟಿರೋ ಬಟ್ಟೆ ಪರದೆ ಮೇಲೆ ಬರೀ ‘ಯು’ ಅನ್ನೋ ಒಂದಕ್ಷರ ಬರೆದಿರ್ತಾರೆ, ಅಷ್ಟಕ್ಕೇ ಜನಕ್ಕೆ ಅರ್ಥ ಆಗತ್ತೆ. ಕುಸತ್ಸು ಊರಲ್ಲಿ ಕುದಿಕುದಿ ಬರೋ ನೀರಿಗೆ ತಣ್ಣೀರು ಬೆರೆಸಿದ್ರೆ ಅದರ ಸತ್ವ ತೆಳುವಾಗತ್ತೆ ಅಂತ ಉದ್ದುದ್ದ ಮರದ ಹಲಗೆ ಹಿಡಿದು ಹಾಡು ಹೇಳ್ತಾ ನೀರನ್ನ ಮಗುಚಿ ಮಗುಚಿ ಆರಿಸ್ತಾರಲ್ಲ, ಅದರ ಹೆಸರು ‘ಯುಮೊಮಿ’, ಅಲ್ಲೂ ಮೊದಲಿಗೆ ಅದೇ ಯು. ನಮ್ಮಲ್ಲಿ ಹೀಗೆ ಒಂದೇ ಪದ ಇಲ್ಲ ಅಂದ್ಕೋಬೇಡಿ, ಇತ್ತು. ಹಳಗನ್ನಡದ ‘ಬೆನ್ನೀರ್’. ಬೇಯು, ಬೇಗೆ ಇದ್ಯಲ್ಲ, ಅದೇ ಬೇರಿನದ್ದು. ತಮಿಳರು ಇವತ್ತಿಗೂ ಮನೇಲಿ ವೆನ್ನೀರ್ ಅಂತಾರೆ, ತೆಲುಗಲ್ಲಿ ವೇನ್ನೀಳ್ಳು, ತುಳುವಲ್ಲಿ ಬೆಂದ್ರ್. ನಾವು ಮಾತ್ರ ತಣ್ಣೀರು, ಕಣ್ಣೀರು, ಪನ್ನೀರು ಎಲ್ಲಾ ಉಳಿಸ್ಕೊಂಡು ಬೆನ್ನೀರನ್ನ ಒಂದನ್ನೇ ಕೈಬಿಟ್ವಿ.

ಇದು ಬರೀ ಹಳೇ ಪದದ ಮೇಲಿನ ಮೋಹ ಅಲ್ಲ. ಏಷ್ಯಾ ಉದ್ದಕ್ಕೂ ಇಂಥ ಊರುಗಳ ಹೆಸರನ್ನ ನೋಡಿದ್ರೆ ಜನ ಬೇರೇನೂ ಅಲಂಕಾರ ಮಾಡದೆ ‘ಬಿಸಿನೀರು’ ಅಂತಲೇ ಊರಿಗೆ ಹೆಸರಿಟ್ಟಿದ್ದಾರೆ. ನೇಪಾಳದ ತಾತೋಪಾನಿ, ಹಿಮಾಚಲದಲ್ಲಿ ಸಟ್ಲೆಜ್ ದಂಡೆಯ ತತ್ತಾಪಾನಿ (ಹಳೇ ಒರತೆಗಳು ಈಗ ಕೋಲ್ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿವೆ), ಅಸ್ಸಾಮಿನ ಗರಂಪಾನಿ, ಜಾವಾದಲ್ಲಿ ಚಿಪಾನಸ್, ಚಿ ಅಂದ್ರೆ ನೀರು ಪಾನಸ್ ಅಂದ್ರೆ ಬಿಸಿ. ಕೊಂಕಣದ ಉನ್ಹವರೆ, ಉನ್ಹೇರೆ ಹೆಸರಲ್ಲೂ ಬಿಸಿ ಅನ್ನೋ ಅರ್ಥದ ಉನ್ಹ ಇದೆ. ನಮ್ಮ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಸೀರೆ ಹೊಳೆ ದಡದಲ್ಲಿರೋದು ‘ಬೆಂದ್ರ್ ತೀರ್ಥ’, ತುಳು ಬರೋರಿಗೆ ಹೆಸರಲ್ಲೇ ಎಲ್ಲಾ ಗೊತ್ತಾಗತ್ತೆ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ಬರೆಯೋರು ಅದನ್ನ ‘ಬೇಂದ್ರೆ ತೀರ್ಥ’ ಮಾಡಿಬಿಟ್ರೆ ಯಾರದ್ದೋ ಮನೆತನದ ಹೆಸರಾಗಿ ಹೋಗತ್ತೆ, ದಯವಿಟ್ಟು ಹಾಗೆ ಬರೀಬೇಡಿ. ಈ ಸಾಲಲ್ಲಿ ಕನ್ನಡದ್ದೂ ಒಂದು ಪದ ಇರಲಿ ಅಂತ ನನ್ನ ಆಸೆ: ಬೆನ್ನೀರೊರತೆ, ಇಲ್ಲಾ ಬೆನ್ನೀರ ಕೊಳ.

ಒಂದು ಅಡ್ಡಿ ಇದೆ. ಹಿನ್ನೀರು ಇರೋ ಭಾಷೆಯಲ್ಲಿ ಬೆನ್ನೀರು ಅಂದ್ರೆ ಬೆನ್ನಿನ ಕಡೆ ನೀರು ಅಂತ ಮೊದಲ ಸಲ ಕೇಳಿದೋರು ತಿಳಿಯಬಹುದು. ಪಕ್ಕದಲ್ಲೇ ಒಂದ್ಸಲ ‘ಬಿಸಿನೀರು’ ಅಂತ ಬರೆದು ಮುಂದೆ ಹೋದ್ರೆ ಸಾಕು ಅನ್ನೋದು ನನ್ನ ಅಭಿಪ್ರಾಯ, ನಿಮ್ಮದು ಬೇರೆ ಇರಬಹುದು.

ಸ್ನಾನ ಅನ್ನೋ ಪದವನ್ನ ಎಲ್ಲಾ ಕಡೆಯಿಂದ ಕಿತ್ತು ಹಾಕೋದೂ ಬೇಡ. ಬದರಿನಾಥದ ತಪ್ತಕುಂಡದಲ್ಲಿ ದರ್ಶನಕ್ಕೆ ಮುಂಚೆ ಜನ ಮಾಡೋದು ಸ್ನಾನವೇ, ರಾಜಗೀರದ ಬ್ರಹ್ಮಕುಂಡದಲ್ಲೂ ಅಷ್ಟೇ, ಅಲ್ಲಿ ಕುಂಡ, ತೀರ್ಥ, ಸ್ನಾನ ಇವೇ ಇರಬೇಕು. ಮಣಿಕರಣದಲ್ಲಿ ಅಕ್ಕಿನ ಬಟ್ಟೇಲಿ ಕಟ್ಟಿ ಕುಂಡಕ್ಕೆ ಇಳಿಬಿಟ್ಟು ಅನ್ನ ಮಾಡ್ತಾರೆ, ಅದು ಮೀಯೋ ಕುಂಡ ಅಲ್ಲ, ಮೀಯೋದಕ್ಕೆ ಬೇರೆ ಇದೆ, ಕೈಪಿಡಿಯಲ್ಲಿ ಎರಡನ್ನೂ ಬುಗ್ಗೆ ಅಂತ ಬರೆದ್ರೆ ಓದಿದೋರು ಯಾವುದಕ್ಕೆ ಇಳೀತಾರೋ! ಜಪಾನಿನ ಬೆಪ್ಪು ನಗರದ (ಕನ್ನಡದಲ್ಲಿ ಬೇರೆ ಅರ್ಥ ಇದ್ರೂ ಹೆಸರು ಹಾಗೇ ಬರೀಬೇಕಲ್ಲ) ‘ಜಿಗೊಕು’ಗಳಿಗೆ ಅಂತೂ ‘ನರಕ’ ಅಂತಲೇ ಹಾಕ್ದೆ, ಅರ್ಥವೂ ಅದೇ, ಆ ಕುದಿನೀರನ್ನ ನೋಡೋದಷ್ಟೇ, ಇಳಿಯೋದಲ್ಲ ಅಂತಲೂ ತಕ್ಷಣ ಗೊತ್ತಾಗತ್ತೆ.

ಉಚ್ಚಾರಣೆ ಬಗ್ಗೆ ಒಂದು ಮಾತು. ಆನ್ಸೆನ್, ಓನ್ಸೆನ್ ಎರಡೂ ಬೇಡ, ಒನ್ಸೆನ್ ಅಂತ ಹ್ರಸ್ವದಲ್ಲೇ ಬರೆಯೋಣ. ನಮ್ಮ ಲಿಪಿಯಲ್ಲಿ ಹ್ರಸ್ವ ಒ, ಎ ಎರಡೂ ಇವೆ, ಇಂಗ್ಲಿಷ್ ದಾರಿಯಲ್ಲಿ ಸುತ್ತಿ ಬರಬೇಕಾಗಿಲ್ಲ. ಜಪಾನಲ್ಲಿ ಒನ್ಸೆನ್ ಅಂತ ಬರೆಯೋ ಎರಡು ಚೀನೀ ಅಕ್ಷರಗಳನ್ನೇ ಚೀನಾ, ತೈವಾನ್‌ನಲ್ಲಿ ವೆನ್‌ಚ್ವಾನ್ ಅಂತ ಓದ್ತಾರೆ, ಕೊರಿಯಾದಲ್ಲಿ ಒನ್‌ಚೊನ್. ತೈಪೆಯ ಬೇಯ್‌ಟೊದಲ್ಲಿ ಜಪಾನಿಯರು 1913ರಲ್ಲಿ ಕಟ್ಟಿದ ಸಾರ್ವಜನಿಕ ಸ್ನಾನದ ಮನೆ ಈಗ ಮ್ಯೂಸಿಯಂ, ಹತ್ತಿರದ ಬಯಲು ಕೊಳಗಳಲ್ಲಿ ಈಜುಡುಗೆ ಕಡ್ಡಾಯ, ಜಪಾನಲ್ಲಿ ಅದು ಸಾಮಾನ್ಯವಾಗಿ ನಿಷಿದ್ಧ. ಹಾಗಾಗಿ ಆಯಾ ದೇಶದ ಹೆಸರು ಆಯಾ ಭಾಗದಲ್ಲಿ ಇರಲಿ, ಸಾಮಾನ್ಯ ಅರ್ಥಕ್ಕೆ ಮಾತ್ರ ನಮ್ಮ ಪದ.

ಈಗ ನಿಮ್ಮಿಂದ ಬೇಕಾಗಿರೋದು: ಬಿಸಿನೀರಲ್ಲಿ ಇಳಿದು ಸುಮ್ನೆ ಕೂರೋದಕ್ಕೆ ನಿಮ್ಮ ಕಡೆ ಏನಾದ್ರೂ ಪದ ಇದೆಯಾ? ಬೆನ್ನೀರು, ಬೆಚ್ಚನೀರು ಥರದ ರೂಪ ಹಿರಿಯರ ಬಾಯಲ್ಲಿ ಎಲ್ಲಾದ್ರೂ ಕೇಳಿದೀರಾ, ಯಾವ ಸೀಮೆ? ಪುತ್ತೂರು, ಬೆಟ್ಟಂಪಾಡಿ ಕಡೆಯೋರು ಇದ್ರೆ ಬೆಂದ್ರ್ ತೀರ್ಥಕ್ಕೆ ಹೋಗಿ ಬಂದೋರು ಮನೇಲಿ ಕನ್ನಡದಲ್ಲಿ ಹೇಳುವಾಗ “ಮಿಂದು ಬಂದೆ” ಅಂತಾರಾ, “ಮುಳುಗಿ ಬಂದೆ” ಅಂತಾರಾ ಅನ್ನೋದನ್ನೂ ತಿಳ್ಸಿ.